ಹತ್ತುಮೀನಿನ ಕಾಲ

ವಸಂತ ಯಾವಾಗ ಎಂದು ಕೇಳಿದರೆ ಪಂಚಾಂಗ ಚೈತ್ರ, ವೈಶಾಖ ಎನ್ನುತ್ತದೆ. ಮಲೆನಾಡಿನ ಹಳ್ಳದ ಮೀನಿಗೆ ಆ ಲೆಕ್ಕ ಒಪ್ಪಿಗೆಯಿಲ್ಲ. ಚೈತ್ರದಲ್ಲಿ ಅದು ಪಾಪ, ಮೊಣಕಾಲುದ್ದದ ಗುಂಡಿಯಲ್ಲಿ ಕೊಕ್ಕರೆಗೂ ಊರ ಹುಡುಗರಿಗೂ ಹೆದರಿಕೊಂಡು ದಿನ ದೂಡುತ್ತಿರುತ್ತದೆ. ಅದರ ವಸಂತ ಶುರುವಾಗುವುದು ಜೂನ್ ತಿಂಗಳಲ್ಲಿ, ಮುಂಗಾರಿನ ಮೊದಲ ಜಡಿಮಳೆಗೆ ಹಳ್ಳದ ನೀರು ಕೆಂಪಾದಾಗ.

ಆ ರಾತ್ರಿ ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆ ಹಳ್ಳಿ ಮನೆಗಳಲ್ಲಿ ಗಂಡಸರು ಸಿಗುವುದು ಕಷ್ಟ. ಹಗಲೆಲ್ಲ ಸೊಂಟನೋವೆಂದು ನರಳುತ್ತಿದ್ದವರೂ ‘ಮೀನು ಹತ್ತುತ್ತಿದೆಯಂತೆ’ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ಕಂಬಳಿಕೊಪ್ಪೆ ಹಾಕಿ ಮಾಯ. ಮೀನುಗಳು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ತೋಡಿಗೆ, ತೋಡಿನಿಂದ ಗದ್ದೆಗೆ ನೀರಿಗೆದುರಾಗಿ ಹತ್ತುತ್ತವೆ. ಹೊಳೆಯ ಸೆಳೆತದಲ್ಲಿ ಮೊಟ್ಟೆ ಕೊಚ್ಚಿಹೋದೀತು. ಗದ್ದೆಯ ನೀರು ತೆಳ್ಳಗೆ, ಬೆಚ್ಚಗೆ. ಮರಿಗಳಿಗೆ ಹುಳುಹುಪ್ಪಟೆ ಧಾರಾಳ, ನುಂಗುವ ದೊಡ್ಡ ಮೀನಿನ ಕಾಟ ಕಡಿಮೆ. ಹೆರಿಗೆಗೆ ತವರಿಗೆ ಹೊರಟ ಹೆಣ್ಣುಮಗಳ ಹಾಗೆ ಹೊರಟಿವೆ. ತವರಿನವರೋ ಕತ್ತಿ ಹಿಡಿದು ಬಾಗಿಲಲ್ಲೇ ಕಾದಿದ್ದಾರೆ.

ಬಾಗಿಲೆಂದರೆ, ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಬೀಳುವ ಜಾಗ. ಅಲ್ಲಿ ಟಾರ್ಚ್ ಬಿಟ್ಟು ನೋಡಬೇಕು. ಬೆರಳುದ್ದದ ಮೀನೊಂದು ಹಾರುತ್ತದೆ, ಅಂಚಿನ ಮಣ್ಣಿಗೆ ಹೊಡೆದು ಕೆಳಗೆ ಬೀಳುತ್ತದೆ, ಬಾಲ ಬಡಿದು ಮತ್ತೆ ಹಾರುತ್ತದೆ. ಬೆಳಕು ಕಣ್ಣಿಗೆ ಹೊಡೆದರೆ ಗರಬಡಿದಂತೆ ನಿಂತುಬಿಡುತ್ತದೆ. ಆಗ ಮೇಲಿಂದ ಕೂಣಿ ಒತ್ತಿದರಾಯಿತು. ತಳವಿಲ್ಲದ ಬಿದಿರಿನ ಬುಟ್ಟಿ ಅದು. ಮೇಲಿನ ಸಣ್ಣ ಬಾಯಿಗೆ ಕೈಹಾಕಿ ತಡಕಬೇಕು. ಸಿಕ್ಕಿದ್ದು ಮೀನೋ, ಏಡಿಯೋ, ಮುಳ್ಳಿನಿಂದ ಚುಚ್ಚುವ ಚೇಳುಮೀನೋ ಎಂಬುದು ಅವರವರ ಹಣೆಬರಹ. ಮೀನನ್ನು ಕೊಂಚ ಬಿಗಿಯಾಗಿ ಹಿಡಿದರೆ ಅಂಗೈಗೆ ಹಳದಿ ಮೊಟ್ಟೆ ಅಂಟುತ್ತದೆ.

ಇದೇ ಕೂಣಿಗೆ ಬೇಸಿಗೆಯಲ್ಲಿ ಇನ್ನೊಂದು ಉದ್ಯೋಗವುಂಟು. ಸೊರಬ, ಸಾಗರದ ಕಡೆ ಕೆರೆಯ ನೀರು ಇಳಿದಾಗ ಕೆರೆಬೇಟೆ ನಡೆಯುತ್ತದೆ. 2024ರಲ್ಲಿ ಅದೇ ಹೆಸರಿನ ಸಿನಿಮಾವೂ ಬಂದದ್ದರಿಂದ ಬೆಂಗಳೂರಿನವರಿಗೂ ಈಗ ಕೂಣಿಯ ಪರಿಚಯವಿದೆ. ಊರವರು ದಿನ ಗೊತ್ತುಮಾಡುತ್ತಾರೆ, ಕೂಣಿಗಿಷ್ಟು ಎಂದು ದುಡ್ಡು ಕಟ್ಟಿಸಿಕೊಳ್ಳುತ್ತಾರೆ, ಸೂಚನೆ ಸಿಕ್ಕಿದ್ದೇ ಎಲ್ಲರೂ ಹೋ ಎಂದು ಒಟ್ಟಿಗೇ ಕೆಸರಿಗೆ ಧುಮುಕುತ್ತಾರೆ. ಅಲ್ಲಿಯವರೆಗೆ ಎಂಥ ದಾದಾನೂ ಕೆರೆಗೆ ಇಳಿಯುವ ಹಾಗಿಲ್ಲ.

ಹತ್ತುಮೀನಿಗೆ ಮಾತ್ರ ಹೇಳುವವರಿಲ್ಲ, ಕೇಳುವವರಿಲ್ಲ. ಕಡಲಿನ ಮೀನಿಗಾದರೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳ ಕಾಟ ತಪ್ಪುತ್ತದೆ. ಹತ್ತುಮೀನಿನ ಬೇಟೆಯನ್ನು ಊತ್ತ ಎಂದು ಕರೆಯುವ ಕೇರಳದಲ್ಲಿ ಸರ್ಕಾರದ ನಿಷೇಧವಿದೆ, ಹಿಡಿಯುವವರೂ ಇದ್ದಾರೆ. ನಮ್ಮಲ್ಲಿ ಕತ್ತಿ, ಕೂಣಿ ಹೋಗಿ ತೋಡಿನ ಅಗಲಕ್ಕೂ ಅಡ್ಡಬಲೆ ಬಂದಿದೆ. ಕೂಣಿಯವನ ಕೈತಪ್ಪಿ ನಾಲ್ಕಾದರೂ ಮೇಲೆ ಹೋಗುತ್ತಿದ್ದವು. ಬಲೆಗೆ ಆ ಮರೆಗುಳಿತನವಿಲ್ಲ.

‘ಮೊಟ್ಟೆ ಇಡುವವರೆಗಾದರೂ ಬಿಡಬಾರದೇ?’ ಎಂದು ಒಬ್ಬ ಹಿರಿಯರನ್ನು ಕೇಳಿದೆ. ‘ಬಿಡಬಹುದು ಮಾರಾಯ್ರೇ, ನಾನು ಬಿಟ್ಟದ್ದನ್ನು ಮೇಲಿನ ಗದ್ದೆಯವನು ಬಿಡಬೇಕಲ್ಲ!’ ಎಂದರು. ಮಾತು ನಿಜ. ಆಸೆಗಿಂತ ಈ ಅಪನಂಬಿಕೆಗೇ ಹೆಚ್ಚು ಮೀನು ಬಲಿಯಾಗುತ್ತಿರಬೇಕು.

ಆದರೆ ಕೆರೆಗೆ ದಿನ ಗೊತ್ತುಮಾಡಿ ಊರನ್ನೆಲ್ಲ ದಂಡೆಯ ಮೇಲೆ ಕಾಯಿಸುವ ಜನ, ತೋಡಿಗೆ ಎರಡು ವಾರದ ರಜೆ ಗೊತ್ತುಮಾಡಲಾರರೇ? ಮೊದಲು ಮೀನು ಹತ್ತಿ ಕೆಲಸ ಮುಗಿಸಲಿ, ಇಳಿಯುವಾಗ ನಾವಿದ್ದೇವೆ. ಸಾರಿಗೆಂದು ಒಣಗಿಸಿಟ್ಟ ವಾಟೆಹುಳಿ ಅಷ್ಟರಲ್ಲಿ ಕೆಡುವುದಿಲ್ಲ, ಕಡುಬಂತೂ ಮಳೆಗಾಲ ಪೂರ್ತಿ ಇದ್ದದ್ದೇ.