ಕಡೆಯ ಬಸ್ಸಿಗೂ ಮುಂಚೆ ಒಂದು ರೈಡ್

ಮೊದಲು ಮೂಗಿಗೆ ಬಡಿಯುವುದು ಮ್ಯಾಟಿನ ವಾಸನೆ. ಮಳೆಗಾಲದಲ್ಲಿ ಒಣಗಲೊಲ್ಲದ ರಬ್ಬರು, ಅದಕ್ಕೆ ಇಂಗಿದ ನಿನ್ನೆ ಮೊನ್ನೆಯ ಬೆವರು, ಯಾರೋ ಮೊಣಕಾಲಿಗೆ ತಿಕ್ಕಿಕೊಂಡ ಮುಲಾಮು. ಹರಿಹರದ ಈ ಕಾಲೇಜಿನ ತಗಡಿನ ಛಾವಣಿಯ ಮೇಲೆ ಆಷಾಢದ ಜಡಿಮಳೆ ಬಿಟ್ಟೂ ಬಿಡದೆ ಸುರಿಯುತ್ತಿದೆ. ನೀನು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೀಯ.

ನಸುಕಿನಲ್ಲೇ ಉಕ್ಕಡಗಾತ್ರಿಯ ಗದ್ದೆಯಲ್ಲಿ ಅವ್ವನ ಜೊತೆ ಭತ್ತದ ನಾಟಿಗೆ ಇಳಿದಿದ್ದೆ. ಕೆಸರಲ್ಲಿ ನೆನೆದು ಬೆರಳ ಸಂದಿಯ ಚರ್ಮ ಬೆಳ್ಳಗೆ ಬಿಳಿಚಿಕೊಂಡಿದೆ. ಆ ಮೆತ್ತಗಿನ ಕಾಲನ್ನು ಮ್ಯಾಟಿಗೆ ಉಜ್ಜಿದರೆ ಉರಿ ನೆತ್ತಿಗೇರುತ್ತದೆ ಅಂತ ನಿನಗೆ ಗೊತ್ತು. ಹೇಳಿಕೊಳ್ಳುವ ಹಾಗಿಲ್ಲ. ಪಟ್ಟಿಯ ಬಾಲದಲ್ಲಿರುವವನ ಕಾಲುನೋವನ್ನು ಯಾರೂ ಕೇಳುವುದಿಲ್ಲ.

ಇಲ್ಲಿರುವವರು ಹದಿನೆಂಟು ಹುಡುಗರು. ನಾಳೆ ನೋಟಿಸ್ ಬೋರ್ಡಿಗೆ ಬೀಳುವುದು ಕಾಲೇಜಿನ ಕಬಡ್ಡಿ ತಂಡದ ಹನ್ನೆರಡು ಹೆಸರು: ಕಣಕ್ಕೆ ಏಳು, ಬೆಂಚಿಗೆ ಐದು. ಮೊದಲ ಏಳು ಯಾರೆಂದು ಕ್ಯಾಂಟೀನಿನ ಹುಡುಗನಿಗೂ ಗೊತ್ತು. ಹತ್ತರ ತನಕ ಹೆಚ್ಚುಕಡಿಮೆ ಊಹಿಸಬಹುದು. ಹನ್ನೊಂದು, ಹನ್ನೆರಡು, ಹದಿಮೂರು, ಈ ಮೂರರ ನಡುವೆ ಎಲ್ಲೋ ನೀನಿದ್ದೀಯ. ಪಕ್ಕದಲ್ಲಿ ಕೂತ ನಂದಿಗುಡಿಯ ಗೆಳೆಯನೂ ಅಲ್ಲೇ ಇದ್ದಾನೆ. ಅವನ ರೈಡ್ ನಿನ್ನದಕ್ಕಿಂತ ಚುರುಕು. ಅದು ನಿಮ್ಮಿಬ್ಬರಿಗೂ ಗೊತ್ತು.

ಅವನು ಮೆಲ್ಲಗೆ ಪವನ್ ಸೆಹ್ರಾವತ್ ಕಥೆ ತೆಗೆಯುತ್ತಾನೆ. ಬೆಂಚಿನ ಹುಡುಗರಿಗೆ ಅದು ಬಾಯಿಪಾಠ. 2017ರಲ್ಲಿ ಪ್ರೊ ಕಬಡ್ಡಿಯ ಗುಜರಾತ್ ತಂಡದಲ್ಲಿ ಅವನಿಗೆ ಆಡಲು ಸಿಕ್ಕಿದ್ದು ಅಪರೂಪ. ಮುಂದಿನ ಸೀಸನ್ನಿಗೆ ಬೆಂಗಳೂರು ಬುಲ್ಸ್‌ಗೆ ಬಂದ. 2019ರ ಜನವರಿ 5ರಂದು ಮುಂಬೈಯ ಫೈನಲ್ಲಿನಲ್ಲಿ ಅದೇ ಗುಜರಾತ್ ವಿರುದ್ಧ ಒಬ್ಬನೇ 22 ಅಂಕ ತಂದ. ಬುಲ್ಸ್ 38–33ರಲ್ಲಿ ಗೆದ್ದು ಮೊದಲ ಸಲ ಕಪ್ ಎತ್ತಿತು. ಗೆಳೆಯ ಪ್ರತಿ ಸಲವೂ 22 ಅನ್ನುವಾಗ ದನಿ ಏರಿಸುತ್ತಾನೆ.

ದೈಹಿಕ ಶಿಕ್ಷಣದ ಪಿ.ಡಿ. ಸರ್ ಸೀಟಿ ಊದುತ್ತಾರೆ. ‘ಕಡೇ ರೌಂಡ್ ನೋಡಾಣ. ಮುಂದಿನ ಏಳು ಆ ಕಡೆ. ಹಿಂದಿನೋರು ಯಾರ್ ಆಡ್ತೀರೋ ಬರ್ರಿ.’

ನೀವಿಬ್ಬರೂ ಒಟ್ಟಿಗೆ ಗಡಿಯಾರ ನೋಡುತ್ತೀರಿ. ಊರಿನ ಕಡೆಯ ಬಸ್ಸಿಗೆ ಅರ್ಧ ಗಂಟೆಯೂ ಇಲ್ಲ. ತುಂಗಭದ್ರೆ ಉಕ್ಕಿದರೆ ಫತ್ತೇಪುರದ ಕಡೆಯ ರಸ್ತೆಯ ಮೇಲೇ ನೀರು ಹರಿಯುತ್ತದೆ, ಆ ದಾರಿ ಮುಚ್ಚಿ ಸುತ್ತು ಬಳಸಬೇಕು. ನಾಳೆ ಅಮಾವಾಸ್ಯೆ ಬೇರೆ. ಉಕ್ಕಡಗಾತ್ರಿಯ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ಹೊರಟ ಜನ ಬಸ್ ನಿಲ್ದಾಣದಲ್ಲಿ ಈಗಾಗಲೇ ಗಂಟುಮೂಟೆ ಇಟ್ಟುಕೊಂಡು ನಿಂತಿರುತ್ತಾರೆ. ಬಸ್ಸು ತಪ್ಪಿದರೆ ರಾತ್ರಿ ಎಲ್ಲಿ? ಹಾಸ್ಟೆಲಿನವರಿಗೆ ಈ ಲೆಕ್ಕವೇ ಇಲ್ಲ.

ಗೆಳೆಯ ಬ್ಯಾಗು ಎತ್ತಿಕೊಳ್ಳುತ್ತಾನೆ. ಅಪ್ಪನಿಗೆ ಹುಷಾರಿಲ್ಲ, ಎಮ್ಮೆ ಕರೆಯುವವರಿಲ್ಲ. ‘ನೀ ಆಡಲೇ’ ಅಂದು ನಿನ್ನ ಹೆಗಲು ಅದುಮಿ ಹೋಗುತ್ತಾನೆ. ಬಾಗಿಲಾಚೆ ಮಳೆ ಅವನನ್ನು ನುಂಗುತ್ತದೆ. ನಿನ್ನ ಹೊಟ್ಟೆಯೊಳಗೆ ಏನೋ ಕುಸಿಯುತ್ತದೆ. ಆದರೂ ಎದ್ದು ನಿಲ್ಲುತ್ತೀಯ.

ಎರಡು ರೈಡು ಬರಿಗೈಯಲ್ಲಿ ಮುಗಿದಿವೆ. ಮೂರನೆಯದು ಡೂ ಆರ್ ಡೈ: ಅಂಕ ತರದೆ ಬಂದರೆ ಔಟು. ಇಂಥ ರೈಡಿಗೆ ಕಳಿಸುವುದು ಕಳೆದುಹೋದರೂ ಪರವಾಗಿಲ್ಲ ಅನ್ನುವಂಥವನನ್ನೇ. ಎಲ್ಲರೂ ನಿನ್ನ ಕಡೆ ತಿರುಗುತ್ತಾರೆ.

ಗೆರೆ ಮುಟ್ಟುತ್ತೀಯ, ಎದೆ ತುಂಬ ಉಸಿರೆಳೆದು ದನಿ ಬಿಡುತ್ತೀಯ. ಕಬಡ್ಡಿ, ಕಬಡ್ಡಿ, ಕಬಡ್ಡಿ. ಮೂವತ್ತು ಸೆಕೆಂಡು. ನಡುಗೆರೆಯಿಂದ ಮೂರೂಮುಕ್ಕಾಲು ಮೀಟರ್ ದೂರದಲ್ಲಿ ಬಾಕ್ ಲೈನ್, ಅದರಾಚೆ ಒಂದು ಮೀಟರಿಗೆ ಬೋನಸ್ ಗೆರೆ. ಎದುರಿಗೆ ಏಳೂ ಜನ ಇದ್ದಾರೆ. ಅಂದರೆ ಬೋನಸ್ ಸಿಗುತ್ತದೆ, ಹಿಡಿಯುವ ಕೈಗಳೂ ಹದಿನಾಲ್ಕು. ಬಲ ಕಾರ್ನರಿನಲ್ಲಿ ಮೂರನೇ ವರ್ಷದವನು ಬಗ್ಗಿ ಕೂತಿದ್ದಾನೆ, ಕಣ್ಣು ನಿನ್ನ ಪಾದದ ಮೇಲೆ. ಅವನ ಕೈಗೆ ಆಂಕಲ್ ಸಿಕ್ಕರೆ ಬಿಡಿಸಿಕೊಂಡವರಿಲ್ಲ.

ಮುಟ್ಟಲು ಹೋಗಲೋ, ಬೋನಸ್ಸಿಗೆ ಹೋಗಲೋ? ಎಡಕ್ಕೆ ವಾಲುತ್ತೀಯ. ಕವರ್‌ಗಳು ಅತ್ತ ಜರುಗುತ್ತಾರೆ. ಗಂಟಲು ಒಣಗುತ್ತಿದೆ, ದನಿ ಬಿರಿಯುತ್ತಿದೆ. ಈಗ! ಬಲಗಾಲು ಗೆರೆಯಾಚೆ. ಎಡಗಾಲು ನೆಲ ಬಿಡಬೇಕು. ಬಿಡುತ್ತಿಲ್ಲ, ನೆನೆದ ಚರ್ಮ ಮ್ಯಾಟಿಗೆ ಅಂಟಿದೆ. ಕಿತ್ತುಕೊಳ್ಳುತ್ತೀಯ. ಉರಿ. ಕಾಲು ಗಾಳಿಯಲ್ಲಿದೆ. ಬೋನಸ್! ತಿರುಗುವಷ್ಟರಲ್ಲಿ ತೊಡೆಗೆ ಒಬ್ಬ, ಸೊಂಟಕ್ಕೆ ಇನ್ನೊಬ್ಬ. ಮುಖ ಮ್ಯಾಟಿಗೆ ಬಡಿಯುತ್ತದೆ. ಕೈ ಚಾಚುತ್ತೀಯ, ಗೆರೆ ಒಂದು ಗೇಣು ದೂರದಲ್ಲಿ ಉಳಿಯುತ್ತದೆ.

ನಿನಗೊಂದು, ಅವರಿಗೊಂದು. ಹೊರಗೆ ಬಂದು ಕೂರುತ್ತೀಯ. ಬೆರಳ ಸಂದಿಯಿಂದ ರಕ್ತ ಜಿನುಗುತ್ತಿದೆ. ಗಡಿಯಾರದ ಕಡೆ ನೋಡಬಾರದು ಅಂದುಕೊಂಡೇ ನೋಡುತ್ತೀಯ.

ನಿಮ್ಮವನೊಬ್ಬ ಟಚ್ ತಂದು ನಿನ್ನನ್ನು ಎಬ್ಬಿಸಿಕೊಳ್ಳುತ್ತಾನೆ. ಆದರೆ ಅವರ ರೈಡುಗಳಲ್ಲಿ ನಿಮ್ಮವರು ಒಬ್ಬೊಬ್ಬರಾಗಿ ಉದುರಿ, ಮೂವರು ಉಳಿಯುತ್ತೀರಿ. ಮೂವರೋ ಅದಕ್ಕೂ ಕಡಿಮೆಯೋ ಇದ್ದು ರೈಡರನ್ನು ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಬರುತ್ತಿರುವವನು ತಂಡದ ಒಬ್ಬನೇ ಯೂನಿವರ್ಸಿಟಿ ಬ್ಲೂ. ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ದಾವಣಗೆರೆ ವಿಶ್ವವಿದ್ಯಾಲಯದ ಪರ ಹೋಗಿಬಂದವನು. ಆ ಪ್ರಮಾಣಪತ್ರ ಒಂದಿದ್ದರೆ ಕ್ರೀಡಾ ಕೋಟಾದ ಬಾಗಿಲು ತಟ್ಟಬಹುದು ಅಂತ ನಿಮ್ಮಪ್ಪನಿಗೂ ಗೊತ್ತಾಗಿದೆ. ಅದಕ್ಕೇ ನಾಟಿ ಕಾಲದಲ್ಲೂ ನಿನ್ನನ್ನು ಮಧ್ಯಾಹ್ನಕ್ಕೇ ಗದ್ದೆಯಿಂದ ಬಿಟ್ಟದ್ದು.

ಗೋಡೆಯ ಸುತ್ತ ನಿಂತವರು ಅವನ ಹೆಸರು ಕೂಗುತ್ತಾರೆ. ತಗಡಿನಡಿ ಸದ್ದು ಕಿವಿ ಒಡೆಯುವಷ್ಟಾಗಿದೆ. ಗದ್ದಲಕ್ಕೆ ನೀನು ಹೆದರುವವನಲ್ಲ. ಪ್ರತಿ ಅಮಾವಾಸ್ಯೆ ಗದ್ದುಗೆಯ ಮುಂದೆ ಕೂದಲು ಬಿಟ್ಟುಕೊಂಡು ತೂಗುವವರ, ಚೀರುವವರ ನಡುವೆ ಬೆಳೆದವನು. ಅವರು ನದಿಯಲ್ಲಿ ಮಿಂದು ತಣ್ಣಗಾಗಿ ಹೋಗುವುದನ್ನೂ ನೋಡಿದವನು. ನಿನ್ನ ಕಿವಿಗೆ ಈಗ ಅವನ ಉಸಿರೊಂದೇ ಕೇಳುತ್ತಿದೆ.

ಕಾರ್ನರಿನವನ ಕೈ ನಿನ್ನ ಕೈಯಲ್ಲಿದೆ, ಚೈನ್. ಅವನ ಅಂಗೈ ಬೆವರಿ ಜಾರುತ್ತಿದೆ. ಬೇಗ ಹಾರಿದರೆ ರೈಡರು ತಪ್ಪಿಸಿಕೊಂಡು ನಿನ್ನನ್ನು ಮುಟ್ಟಿ ಹೋಗುತ್ತಾನೆ. ತಡ ಮಾಡಿದರೆ ಕಾರ್ನರಿನವನು ಒಬ್ಬನೇ ಸಾಯುತ್ತಾನೆ. ಕಾಯಿ. ಇನ್ನೂ ಕಾಯಿ. ರೈಡರನ ಕಾಲು ಒಳಗೆ ಬರುತ್ತದೆ. ಕಾರ್ನರಿನವನು ಬೀಳುತ್ತಾನೆ, ಆಂಕಲ್ ಸಿಕ್ಕಿತು, ಜಾರಿತು, ಬೆರಳುಗಳಷ್ಟೇ ಉಳಿದಿವೆ. ಕೈ ಬಿಡು. ಹಾರು. ನಿನ್ನ ಹೆಗಲು ಅವನ ಸೊಂಟಕ್ಕೆ. ಅವನ ಮೊಣಕಾಲು ನಿನ್ನ ಗದ್ದಕ್ಕೆ. ಹಲ್ಲಿಗೆ ಹಲ್ಲು ಬಡಿದು ಬಾಯಲ್ಲಿ ಉಪ್ಪು. ಅವನು ಎಳೆಯುತ್ತಾನೆ, ಇಬ್ಬರನ್ನೂ ಹೊತ್ತೇ ಎಳೆಯುತ್ತಾನೆ. ಲಾಬಿ. ಗೆರೆ ಹತ್ತಿರ. ಬಿಡಬೇಡ. ಮೂರನೆಯವನು ಮೇಲೆ ಬೀಳುತ್ತಾನೆ. ಸೀಟಿ.

ಪಿ.ಡಿ. ಸರ್ ಹೊಗಳುವುದಿಲ್ಲ. ಪುಸ್ತಕದಲ್ಲಿ ಏನೋ ಗೀಚುತ್ತಾರೆ. ‘ಬಾಯಿ ತೊಳ್ಕಳಲೇ. ಬಸ್ ಐತೇನು?’

ಓಡುತ್ತೀಯ. ಬಸ್ಸು ಆಗಲೇ ಹೊರಟಿದೆ. ಬಾಗಿಲ ಸರಳು ಕೈಗೆ ಸಿಗುತ್ತದೆ, ಹಿಡಿತ ಇನ್ನೂ ಬಿಗಿಯಾಗಿಯೇ ಇದೆ.

ಮರುದಿನ ಬೋರ್ಡಿನಲ್ಲಿ ನಿನ್ನ ಹೆಸರು ಹನ್ನೆರಡನೆಯದು. ನಂದಿಗುಡಿಯವನ ಹೆಸರಿಲ್ಲ.

ಹನ್ನೆರಡನೆಯವನ ಸೀಸನ್ ಹೇಗಿರುತ್ತದೆಂದು ಸೀನಿಯರುಗಳು ಮೊದಲೇ ಹೇಳಿದ್ದಾರೆ. ನೀರಿನ ಕ್ಯಾನು ಹೊರಬೇಕು, ಅಭ್ಯಾಸದಲ್ಲಿ ಎದುರಾಳಿ ರೈಡರನ ಹಾಗೆ ಆಡಿ ಏಟು ತಿನ್ನಬೇಕು. ನಿಯಮದ ಪ್ರಕಾರ ಔಟಾದವನ ಜಾಗಕ್ಕೆ ಬದಲಿ ಇಳಿಯುವ ಹಾಗಿಲ್ಲ, ಕಣದಲ್ಲಿರುವವನನ್ನು ತೆಗೆದರಷ್ಟೇ ನಿನಗೆ ಜಾಗ. ಹಾಗಾಗಿ ಇಡೀ ಕೂಟ ಟ್ರ್ಯಾಕ್ ಸೂಟಿನಲ್ಲೇ ಮುಗಿದರೂ ಮುಗಿಯಬಹುದು. ಆದರೂ ಕಬಡ್ಡಿ ಮೈಗೆ ಮೈ ಬಡಿಯುವ ಆಟ. ಮೊದಲ ಪಂದ್ಯದಲ್ಲೇ ಒಂದು ಮೊಣಕಾಲು ತಿರುಚಿದರೆ ಬೆಂಚಿನತ್ತ ಕೈ ಚಾಚಲೇಬೇಕು. ಆ ಗಳಿಗೆಗೆ ನೀನು ಸಿದ್ಧ ಎಂದೇ ನಾನು ನಂಬುತ್ತೇನೆ.

ನಂದಿಗುಡಿಯ ಹುಡುಗನ ಬಗ್ಗೆ ಮಾತ್ರ ಈ ಸೀಮೆಯ ಪಿ.ಡಿ.ಗಳಿಗೆ, ಪ್ರಾಂಶುಪಾಲರಿಗೆ ನನ್ನದೊಂದು ಬೇಡಿಕೆಯಿದೆ. ಅವನು ಸೋತದ್ದು ಆಟದಲ್ಲಲ್ಲ, ಬಸ್ಸಿನ ವೇಳೆಯಲ್ಲಿ. ಆಯ್ಕೆಯ ಕಡೆಯ ರೌಂಡನ್ನು ನದಿದಂಡೆಯ ಹಳ್ಳಿಗಳ ಕಡೆಯ ಬಸ್ಸು ಹೊರಡುವ ಮೊದಲೇ ಮುಗಿಸಿ. ಹೊಳೆ ತುಂಬಿದ ದಿನ, ಅಮಾವಾಸ್ಯೆಯ ಹಿಂದಿನ ದಿನ ಆಯ್ಕೆ ಇಡಬೇಡಿ. ಈ ವರ್ಷದ ಪಟ್ಟಿ ವಿಶ್ವವಿದ್ಯಾಲಯಕ್ಕೆ ಇನ್ನೂ ಹೋಗಿಲ್ಲವಾದರೆ, ಅವನನ್ನು ಕರೆಸಿ ಒಂದು ರೈಡ್ ಆಡಿಸಿ ನೋಡಿ.