ನಮ್ಮ ಬೆಳ್ಳಿಯ ಊಟ

ನಮ್ಮ ಮನೆಯಲ್ಲಿ ಒಂದು ಮೊಲ ಇದೆ. ಹೆಸರು ಬೆಳ್ಳಿ. ಮೊಲ ಅಂದರೆ ಕ್ಯಾರೆಟ್ ಎಂದು ಚಿತ್ರದಲ್ಲಿ ನೋಡಿದ್ದೆ. ಅದಕ್ಕೇ ದಿನಾ ಕ್ಯಾರೆಟ್, ಬಿಸ್ಕತ್ತು, ನನ್ನ ತಟ್ಟೆಯ ಅನ್ನ ಕೊಡ್ತಿದ್ದೆ. ಅದೂ ಗಬಗಬ ತಿಂತಿತ್ತು.

ಒಂದು ಸಂಜೆ ಬೆಳ್ಳಿ ಮೂಲೆಯಲ್ಲಿ ಮುದುರಿ ಕೂತಿತ್ತು. ಹೊಟ್ಟೆ ಉಬ್ಬಿತ್ತು, ಹಿಕ್ಕೆಯೇ ಹಾಕಿರಲಿಲ್ಲ. ಅಪ್ಪ ಸೈಕಲ್ಲಿನಲ್ಲಿ ದನದ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನು ಹಿಂದೆ ಬುಟ್ಟಿ ಹಿಡಿದು ಅಳ್ತಾ ಕೂತಿದ್ದೆ. "ಏನು ತಿನ್ನಿಸಿದೆ ಮರಿ?" ಅಂತ ಡಾಕ್ಟರು ಕೇಳಿದರು. ನಾಚಿಕೆ ಆಯ್ತು, ಆದರೂ ಬಿಸ್ಕತ್ತಿನ ವಿಷಯ ಹೇಳಿಬಿಟ್ಟೆ. "ಮೊಲಕ್ಕೆ ವಾಂತಿ ಮಾಡಕ್ಕೆ ಬರಲ್ಲ ಕಣೋ. ಹುಲ್ಲೇ ಅದರ ಊಟ. ಹಲ್ಲು ಸಾಯೋತನಕ ಬೆಳೀತಾ ಇರ್ತವೆ, ಹುಲ್ಲು ಜಗಿದ್ರೇ ಸವೆಯೋದು" ಅಂದರು. ಔಷಧಿ ಕುಡಿಸಿದರು.

ಮರುದಿನ ಬೆಳಿಗ್ಗೆ ಗೂಡಿನಲ್ಲಿ ನಾಲ್ಕು ಹಿಕ್ಕೆ! ಹಿಕ್ಕೆ ನೋಡಿ ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ಈಗ ದಿನಾ ಬದುವಿನ ಗರಿಕೆ ತರ್ತೀನಿ. ಔಷಧಿ ಹೊಡೆದ ಹೊಲದ್ದು ತರಲ್ಲ. ಒಣಹುಲ್ಲು, ನೀರು ಯಾವಾಗಲೂ ಗೂಡಿನಲ್ಲಿರುತ್ತೆ. ಕ್ಯಾರೆಟ್ ವಾರಕ್ಕೆ 2 ಚೂರು ಮಾತ್ರ. ಬೆಳ್ಳಿ ತನ್ನ ಮೆತ್ತನೆ ಹಿಕ್ಕೆಯನ್ನು ತಾನೇ ತಿನ್ನುತ್ತೆ. ಅಜ್ಜಿ "ಛೀ" ಅಂತಾರೆ. ಅದು ಅದಕ್ಕೆ ಒಳ್ಳೆಯದಂತೆ!

ನಾನು ಬಿಸ್ಕತ್ತು ತಿನ್ನುವಾಗ ಈಗಲೂ ಎರಡು ಕಾಲಲ್ಲಿ ನಿಂತು ನೋಡುತ್ತೆ. ಅದಕ್ಕೇ ನಾನು ಜಗಲಿಗೆ ಹೋಗಿ ತಿಂತೀನಿ.

– 7ನೇ ತರಗತಿ