ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇ?

ಹೊಸಪೇಟೆಯಿಂದ ಬಳ್ಳಾರಿಯತ್ತ ಹೋಗುವ ಹೆದ್ದಾರಿಯಲ್ಲಿ ಪಾಪಿನಾಯಕನಹಳ್ಳಿ ಸಿಗುತ್ತದೆ. ಅದಿರಿನ ಲಾರಿಗಳು, ರೈಲು ನಿಲ್ದಾಣ, ಕಬ್ಬಿಣದ ಕಾರ್ಖಾನೆ. ಇಲ್ಲಿ ದುಡಿಮೆ ಎಂದರೆ ಕಣ್ಣಿಗೆ ಕಾಣುವಂಥದು, ತೂಕಕ್ಕೆ ಸಿಗುವಂಥದು. ಇಂಥ ಊರಿನ ಹೈಸ್ಕೂಲು ಹುಡುಗನೊಬ್ಬ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಚೌಕ ಎಳೆದು, ಚೌಕದೊಳಗೆ ಮನುಷ್ಯರನ್ನು ಬರೆದು, ಅವರ ಬಾಯಿಗೆ ಮಾತು ಕೊಡುತ್ತಾನೆ ಎಂದಿಟ್ಟುಕೊಳ್ಳಿ. ಮುಂದೆ ಇದೇ ಕೆಲಸ ಮಾಡುತ್ತೇನೆ ಎಂದು ಅವನು ಮನೆಯಲ್ಲಿ ಬಾಯಿಬಿಟ್ಟರೆ ಬರುವ ಉತ್ತರ ಒಂದೇ: "ಚಿತ್ರ ಬರದ್ರೆ ಹೊಟ್ಟಿ ತುಂಬ್ತೈತೇನಲೇ?"

ಅಪ್ಪನ ಪ್ರಶ್ನೆ ತಪ್ಪಲ್ಲ. ಅವರು ಕಂಡ ಚಿತ್ರಕಾರರು ಎರಡೇ ಬಗೆ. ಒಬ್ಬರು ಶಾಲೆಯ ಡ್ರಾಯಿಂಗ್ ಮೇಷ್ಟ್ರು, ಅವರಿಗೆ ಸಂಬಳವಿದೆ. ಇನ್ನೊಬ್ಬರು ಅಂಗಡಿಗಳ ಬೋರ್ಡು ಬರೆಯುವ ಪೇಂಟರು. ಫ್ಲೆಕ್ಸ್ ಬಂದ ಮೇಲೆ ಅವರ ಕುಂಚಕ್ಕೆ ಏನಾಯಿತೆಂಬುದನ್ನು ಎಲ್ಲರೂ ಕಂಡಿದ್ದಾರೆ. ಯಾರ ನೌಕರಿಯಲ್ಲೂ ಇಲ್ಲದೆ, ಮನೆಯ ಮೂಲೆಯಲ್ಲಿ ಕೂತು ಪತ್ರಿಕೆಗೂ ಪ್ರಕಾಶಕರಿಗೂ ಚಿತ್ರಕಥೆ ಬರೆದು ಬದುಕುವ ಮೂರನೆಯವನೊಬ್ಬನಿದ್ದಾನೆ. ಅವನು ಬೀದಿಯಲ್ಲಿ ಕಾಣುವುದಿಲ್ಲ. ಅವನ ದಿನಚರಿ ಹೇಗಿರುತ್ತದೆ ಎಂಬುದು ಮಕ್ಕಳಿಗೂ ಗೊತ್ತಿಲ್ಲ, ಪಾಲಕರಿಗೂ ಗೊತ್ತಿಲ್ಲ.

ಹಾಗೆಂದು ಚಿತ್ರದಲ್ಲಿ ಕಥೆ ಹೇಳುವುದು ಈ ನೆಲಕ್ಕೆ ಹೊಸದೇನಲ್ಲ. ಹತ್ತಿರದ ಹಂಪಿಯ ಹಜಾರರಾಮ ದೇವಸ್ಥಾನಕ್ಕೆ ಹೋಗಿ ನೋಡಿ. 15ನೆಯ ಶತಮಾನದ ಆ ಗುಡಿಯ ಗೋಡೆಗಳ ಮೇಲೆ ರಾಮಾಯಣ ಸಾಲುಸಾಲಾಗಿ, ಪಟ್ಟಿಕೆಗಳಾಗಿ ಒಂದರ ಮೇಲೊಂದು ಮೂರು ಸಾಲುಗಳಲ್ಲಿ ನಡೆದಿದೆ. ಪ್ರದಕ್ಷಿಣೆ ಹಾಕುತ್ತ ಹೋದಂತೆ ಕಥೆಯೂ ಮುಂದೆ ಸಾಗುತ್ತದೆ. ಪುಟ ತಿರುಗಿಸುವ ಬದಲು ಓದುಗನೇ ತಿರುಗಬೇಕು, ಅಷ್ಟೇ. ಒಂದು ಅಕ್ಷರವಿಲ್ಲ. ಆದರೂ ಕಥೆ ಬಲ್ಲವರಿಗೆ ರಾಮನಾರು, ರಾವಣನಾರು ಎಂದು ಯಾರೂ ಹೇಳಿಕೊಡಬೇಕಿಲ್ಲ. ಮೊದಲ ಪಟ್ಟಿಕೆಯ ಮನುಷ್ಯ ಐವತ್ತನೆಯದರಲ್ಲೂ ಅವನೇ ಎಂದು ಗುರುತು ಸಿಗಬೇಕು. ಚಿತ್ರಕಥೆಯ ಮೊದಲ ಕಷ್ಟ ಇದೇ. ಒಂದು ಮುಖವನ್ನು ಚೆನ್ನಾಗಿ ಬರೆಯುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಅದೇ ಮುಖವನ್ನು ಎದುರಿನಿಂದ, ಪಕ್ಕದಿಂದ, ಮೇಲಿನಿಂದ, ಅಳುವಾಗ, ಓಡುವಾಗ ಇನ್ನೂರು ಸಲ ಬರೆದರೂ ಬದಲಾಗದಂತೆ ನಿಲ್ಲಿಸುವವರು ಅಪರೂಪ.

ದೊಡ್ಡ ಪ್ರಕಾಶನ ಸಂಸ್ಥೆಗಳಲ್ಲಿ ಈ ಕೆಲಸ ಹಲವು ಕೈಗಳಿಗೆ ಹಂಚಿಹೋಗುತ್ತದೆ. ಕಥೆ ಬರೆಯುವವನು ಒಬ್ಬ, ಪೆನ್ಸಿಲ್ಲಿನ ಗೆರೆ ಎಳೆಯುವವನು ಇನ್ನೊಬ್ಬ, ಅದರ ಮೇಲೆ ಶಾಯಿ ಹಾಕುವವನು ಮತ್ತೊಬ್ಬ. ಬಣ್ಣಕ್ಕೆ ಬೇರೆಯವನು, ಅಕ್ಷರಕ್ಕೆ ಬೇರೆಯವನು. ಸ್ವತಂತ್ರ ಚಿತ್ರಕಾರನಿಗೆ ಐದೂ ಕೈ ತನ್ನವೇ. ಆರು ಚೌಕಗಳ ಒಂದು ಪುಟಕ್ಕೆ ಎರಡು ದಿನ ಬೇಕೆನ್ನೋಣ. 32 ಪುಟದ ಪುಸ್ತಕಕ್ಕೆ 64 ದಿನ. ಪುಟಕ್ಕೆ 1,500 ರೂಪಾಯಿ ಕೊಡುತ್ತಾರೆಂದು ಲೆಕ್ಕಕ್ಕಾಗಿ ಹಿಡಿದರೆ 48,000 ರೂಪಾಯಿ. ತಿಂಗಳಿಗೆ ಇಪ್ಪತ್ತೆರಡು ಸಾವಿರದ ಆಸುಪಾಸು. ಪರವಾಗಿಲ್ಲವಲ್ಲ ಎನ್ನಿಸಬಹುದು. ಆದರೆ ಈ ಲೆಕ್ಕದಲ್ಲಿ ಕಥೆ ಹೊಸೆದ ದಿನಗಳು ಸೇರಿಲ್ಲ, ತಿದ್ದುಪಡಿಯ ದಿನಗಳು ಸೇರಿಲ್ಲ, ಕೆಲಸ ಸಿಗದೆ ಕೂತ ತಿಂಗಳುಗಳಂತೂ ಇಲ್ಲವೇ ಇಲ್ಲ. ದುಡ್ಡು ಕೈಗೆ ಬರುವುದು ಪುಸ್ತಕ ಅಚ್ಚಾದ ಮೇಲೆ ಎಂದಾದರೆ ಅಲ್ಲಿಯವರೆಗೆ ಕಿರಾಣಿ ಅಂಗಡಿಯವರು ಕಾಯುತ್ತಾರೆಯೇ?

ಗೆರೆ ಎಳೆಯುವ ಮುಂಚೆ ಓದುವ ಕೆಲಸವೂ ಇದೆ. ವಿಜಯನಗರದ ಕಾಲದ ಕಥೆಯಾದರೆ ಆಸ್ಥಾನದವರ ತಲೆಗೆ ಏನು ತೊಡಿಸುವುದು? ಸಿನಿಮಾ ನೋಡಿ ಬರೆದರೆ ಕೆಟ್ಟಿತು. ಆ ಕಾಲದ ಉದ್ದನೆಯ ಕುಲ್ಲಾಯಿಯನ್ನು ಲೇಪಾಕ್ಷಿಯ ಛಾವಣಿಯ ಚಿತ್ರಗಳಲ್ಲಿ, ತಿರುಮಲೆಯ ಕೃಷ್ಣದೇವರಾಯನ ಲೋಹದ ಪ್ರತಿಮೆಯಲ್ಲಿ ನೋಡಿ ತಿಳಿಯಬೇಕು. ದೂರದ ವಸ್ತು ಚಿಕ್ಕದಾಗಿ ಕಾಣುವುದಕ್ಕೆ, ಸಂಜೆಯ ನೆರಳು ಉದ್ದವಾಗುವುದಕ್ಕೆ ಲೆಕ್ಕವಿದೆ. ಗಣಿತ ಬೇಡವೆಂದು ಚಿತ್ರಕಲೆ ಹಿಡಿದವನಿಗೆ ರೇಖಾಗಣಿತ ಅಲ್ಲಿಯೂ ಬಂದು ಎದುರು ಕೂರುತ್ತದೆ. ಈಗ ಬಹಳ ಜನ ಕಂಪ್ಯೂಟರಿನ ಹಲಗೆಯ ಮೇಲೆಯೇ ಬರೆಯುತ್ತಾರೆ. ಅಚ್ಚಿಗೆ ಇಂಚಿಗೆ 300 ಚುಕ್ಕಿ ಬೇಕು, ಅಂದರೆ ಎ4 ಅಳತೆಯ ಹಾಳೆಗೆ 2480 ಅಡ್ಡ, 3508 ಉದ್ದ. ಇದು ತಿಳಿಯದೆ ಫೋನಿನ ಪರದೆಗೆ ಸಾಕಾಗುವಷ್ಟು ಬರೆದು ಕಳಿಸಿದರೆ ಅಚ್ಚಿನಲ್ಲಿ ಮುಖವೆಲ್ಲ ಮಸುಕು. ಪರದೆಯ ಮೇಲೆ ಹೊಳೆಯುವ ನೀಲಿ ಕಾಗದದ ಮೇಲೆ ಸಪ್ಪೆಯಾಗುವುದಂತೂ ಪ್ರತಿಯೊಬ್ಬ ಹೊಸಬನ ಅನುಭವ.

ಕನ್ನಡದಲ್ಲಿ ಬರೆಯುವವನಿಗೆ ಇನ್ನೊಂದು ತಾಪತ್ರಯವಿದೆ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರಕ್ಕೆ ಸಾಲಾಗಿ ನಿಲ್ಲುತ್ತವೆ. ನಮ್ಮ ಅಕ್ಷರಗಳಿಗೆ ತಲೆಕಟ್ಟಿನ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ಸಾಲಿಗೂ ಸಾಲಿಗೂ ನಡುವೆ ಹೆಚ್ಚು ಜಾಗ ಬೇಕು. 'ಸ್ವಾತಂತ್ರ್ಯ' ಎಂಬ ಒಂದೇ ಶಬ್ದವನ್ನು ಮಾತಿನ ಗುಳ್ಳೆಯೊಳಗೆ ಕೂರಿಸಿ ನೋಡಿ, ತಿಳಿಯುತ್ತದೆ. ಇಂಗ್ಲಿಷಿನಿಂದ ಅನುವಾದವಾದ ಚಿತ್ರಕಥೆಗಳಲ್ಲಿ ಕನ್ನಡ ಇಕ್ಕಟ್ಟಿಗೆ ಸಿಕ್ಕಿ ಒದ್ದಾಡುವುದು ಇದೇ ಕಾರಣಕ್ಕೆ. ಕನ್ನಡದಲ್ಲೇ ಯೋಚಿಸುವ ಚಿತ್ರಕಾರ ಮೊದಲು ಮಾತಿಗೆ ಜಾಗ ಬಿಟ್ಟು, ಆಮೇಲೆ ಮನುಷ್ಯರನ್ನು ನಿಲ್ಲಿಸುತ್ತಾನೆ.

ಕನ್ನಡಿಗರು ಈ ಕ್ಷೇತ್ರದಲ್ಲಿ ಹಿಂದೆ ಬಿದ್ದವರಲ್ಲ. ಮೈಸೂರಿನ ಆರ್. ಕೆ. ಲಕ್ಷ್ಮಣ್ ಅವರಿಗೆ ಮುಂಬಯಿಯ ಜೆ. ಜೆ. ಕಲಾಶಾಲೆ ಪ್ರವೇಶ ಕೊಡಲಿಲ್ಲ. ಅವರು ಮಹಾರಾಜಾ ಕಾಲೇಜಿನಲ್ಲಿ ಓದುತ್ತಲೇ ಅಣ್ಣ ನಾರಾಯಣರ ಕಥೆಗಳಿಗೆ, ರಾಶಿಯವರು 1942ರಲ್ಲಿ ಆರಂಭಿಸಿದ 'ಕೊರವಂಜಿ'ಗೆ ಚಿತ್ರ ಬರೆದರು. ಅದು ಬಿಡಿ ಕೆಲಸದ ಕಾಲ. ಆಮೇಲೆ ಪತ್ರಿಕೆಯ ನೌಕರಿ ಸಿಕ್ಕಿ, ಅವರ ಶ್ರೀಸಾಮಾನ್ಯ ದೇಶಕ್ಕೆಲ್ಲ ಪರಿಚಿತನಾದ. 'ಚಂದಮಾಮ'ದ ಮುಖಪುಟಗಳಲ್ಲಿ ಮಹಾಭಾರತವನ್ನು ಚಿತ್ರಿಸಿದ ಎಂ. ಟಿ. ವಿ. ಆಚಾರ್ಯರ ದಾರಿ ಬೇರೆ. ಅವರು ಮದರಾಸಿನ ಕೆಲಸ ಬಿಟ್ಟು ಬೆಂಗಳೂರಿನಲ್ಲಿ 'ಆಚಾರ್ಯ ಚಿತ್ರಕಲಾ ಭವನ'ವನ್ನು ಕಟ್ಟಿ, ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ಸ್ವತಂತ್ರ ಚಿತ್ರಕಾರನಿಗೆ ಪಾಠ ಹೇಳುವುದು ಎರಡನೆಯ ಬೆಳೆ. ಒಂದು ಒಣಗಿದರೆ ಇನ್ನೊಂದು ಕೈಹಿಡಿಯುತ್ತದೆ. 'ಅಮರ ಚಿತ್ರಕಥಾ' ಮಾಲೆಯ ಕಥೆಯೂ ನೆನೆಯುವಂಥದು. ಅದರ ಮೊದಲ ಹತ್ತು ಸಂಚಿಕೆಗಳು ಬೆಂಗಳೂರಿನ ಐಬಿಎಚ್‌ನ ಜಿ. ಕೆ. ಅನಂತರಾಮ್ ಅವರ ಉತ್ಸಾಹದಿಂದ ಕನ್ನಡದಲ್ಲಿ ಬಂದ ಪಾಶ್ಚಾತ್ಯ ಕಿನ್ನರ ಕಥೆಗಳು. ಕಾರ್ಕಳದ ಅನಂತ ಪೈ ಅವರ 'ಕೃಷ್ಣ' ಬಂದದ್ದು 11ನೆಯದಾಗಿ. ಪೈ ಅವರ ಹೆಸರು ಎಲ್ಲರಿಗೂ ಗೊತ್ತು. ಆ ಕೃಷ್ಣನನ್ನು ಬರೆದ ರಾಮ್ ವಾಯೀರ್ಕರ್ ಹೆಸರು ಎಷ್ಟು ಜನರಿಗೆ ಗೊತ್ತು?

ಇತ್ತೀಚಿನವರಲ್ಲಿ ಬೆಂಗಳೂರಿನಲ್ಲಿ ಕೆಲಸ ಮಾಡಿದ ಅಪ್ಪುಪೆನ್ 2009ರಲ್ಲಿ 'ಮೂನ್‌ವರ್ಡ್', 2013ರಲ್ಲಿ 'ಲೆಜೆಂಡ್ಸ್ ಆಫ್ ಹಲಾಹಲ' ತಂದರು. ಎರಡನೆಯದು ಮಾತಿಲ್ಲದೆ ನಡೆಯುವ ಕಥೆಗಳ ಪುಸ್ತಕ. ಹಜಾರರಾಮದ ಶಿಲ್ಪಿಗಳ ಹಾದಿಯೇ ಎನ್ನಬೇಕು. ಆದರೆ ಆ ಶಿಲ್ಪಿಗಳಿಗೆ ಅರಮನೆಯ ಆಶ್ರಯವಿತ್ತು. ಈಗಿನವನಿಗೆ ಆಶ್ರಯವೆಂದರೆ ಒಂದು ಕಾಗದ, ಅದುವೇ ಕರಾರುಪತ್ರ.

ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಪ್ರಸಂಗ ಜಗತ್ತಿಗೇ ಪಾಠ. ಕ್ಲೀವ್‌ಲ್ಯಾಂಡಿನ ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಯುವಕರು ಸೃಷ್ಟಿಸಿದ 'ಸೂಪರ್‌ಮ್ಯಾನ್' 1938ರಲ್ಲಿ ಅಚ್ಚಾಯಿತು. 13 ಪುಟ, ಪುಟಕ್ಕೆ 10 ಡಾಲರು, ಒಟ್ಟು 130 ಡಾಲರು. ಆ ದುಡ್ಡಿಗೆ ಅವರು ಪುಟಗಳನ್ನಷ್ಟೇ ಅಲ್ಲ, ಆ ಪಾತ್ರದ ಹಕ್ಕನ್ನೇ ಬರೆದುಕೊಟ್ಟಿದ್ದರು. ಸಿನಿಮಾ, ಆಟಿಕೆ, ಅಂಗಿ ಎಂದು ಕೋಟಿಗಟ್ಟಲೆ ವ್ಯಾಪಾರವಾಯಿತು. ಇವರಿಬ್ಬರು ಕೋರ್ಟು ಅಲೆದರು. 1975ರಲ್ಲಿ, ಪತ್ರಿಕೆಗಳಲ್ಲಿ ಗದ್ದಲವೆದ್ದ ಮೇಲೆ, ತಲಾ ವರ್ಷಕ್ಕೆ 20,000 ಡಾಲರು ಕೊಡಲು ಕಂಪನಿ ಒಪ್ಪಿತು, ಹೆಸರೂ ಮತ್ತೆ ಅಚ್ಚಾಗತೊಡಗಿತು. ಆ 130 ಡಾಲರನ್ನೂ ಒಳಗೊಂಡಿದ್ದ ಹಳೆಯ ಚೆಕ್ಕು 2012ರ ಹರಾಜಿನಲ್ಲಿ 1,60,000 ಡಾಲರಿಗೆ ಹೋಯಿತು! ಬರೆದವರಿಗಿಂತ ಚೆಕ್ಕಿಗೇ ಅದೃಷ್ಟ ಹೆಚ್ಚು.

ನಮ್ಮ ಕಾನೂನು ಈ ವಿಷಯದಲ್ಲಿ ಬಡವಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರದ ಹಕ್ಕು ಬರೆದವನ ಜೀವಮಾನವಿಡೀ, ಅವನ ನಂತರ 60 ವರ್ಷ ಉಳಿಯುತ್ತದೆ. ನೌಕರಿಯ ಭಾಗವಾಗಿ ಬರೆದದ್ದರ ಹಕ್ಕು ಸಾಮಾನ್ಯವಾಗಿ ಯಜಮಾನನದು. ಸ್ವತಂತ್ರನಾಗಿ ಬರೆದದ್ದರ ಮೊದಲ ಒಡೆಯ ಸಾಮಾನ್ಯವಾಗಿ ಬರೆದವನೇ. ಆದರೆ ಹಣ ಕೊಟ್ಟು ಬರೆಸಿದ ವರ್ಣಚಿತ್ರ, ಭಾವಚಿತ್ರಗಳ ಹಕ್ಕು ಬೇರೆ ಒಪ್ಪಂದವಿಲ್ಲದಿದ್ದರೆ ಬರೆಸಿದವರಿಗೇ ಹೋಗುತ್ತದೆ. ಆದ್ದರಿಂದ ಬಾಯಿಮಾತು ಸಾಲದು. ಹಕ್ಕು ಬಿಟ್ಟುಕೊಡುವುದಾದರೆ ಬರಹದಲ್ಲಿ, ಸಹಿಯೊಡನೆ ಆಗಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದೂ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತದೊಳಗೆ ಮಾತ್ರ ಎಂದೂ ಕಾಯ್ದೆ ತಿಳಿಯುತ್ತದೆ. ಹಕ್ಕು ಮಾರಿದ ಮೇಲೂ 'ಇದು ನನ್ನ ಚಿತ್ರ' ಎಂದು ಹೇಳಿಕೊಳ್ಳುವ ಅಧಿಕಾರ ಚಿತ್ರಕಾರನಿಗೆ ಉಳಿದೇ ಇರುತ್ತದೆ. ಬೇಕೆಂದೇ ಚಿತ್ರವನ್ನು ಎಲ್ಲರಿಗೂ ಬಿಟ್ಟುಕೊಡುವ ವ್ಯವಸ್ಥೆಯೂ ಇದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್'ನಲ್ಲಿ ಕನ್ನಡವೂ ಸೇರಿ ಹಲವು ಭಾಷೆಗಳ ಮಕ್ಕಳ ಪುಸ್ತಕಗಳು ಮುಕ್ತ ಪರವಾನಗಿಯಲ್ಲಿವೆ. ಅಲ್ಲಿಯೂ ಬಳಸುವವರು ಚಿತ್ರಕಾರನ ಹೆಸರು ಹೇಳಲೇಬೇಕು.

ನಾಲ್ಕು ಶಬ್ದ ಹೇಳಿದರೆ ಚಿತ್ರ ಮಾಡಿಕೊಡುವ ಕಂಪ್ಯೂಟರ್ ಈಗ ಬಂದಿದೆಯಲ್ಲ, ಇನ್ನು ಈ ಕಸುಬೇಕೆ ಎಂಬ ಪ್ರಶ್ನೆಯೂ ಇದೆ. ಪೋಸ್ಟರು, ಆಮಂತ್ರಣ ಪತ್ರಿಕೆಯಂಥ ಸಣ್ಣ ಕೆಲಸಗಳಿಗೆ ಪೆಟ್ಟು ಬೀಳದೆ ಇರದು, ಆ ಮಾತನ್ನು ಮಕ್ಕಳಿಂದ ಮುಚ್ಚಿಡಬಾರದು. ಪಾಪಿನಾಯಕನಹಳ್ಳಿಯ ಬಸ್‌ಸ್ಟಾಪಿನಲ್ಲಿ ನಿಂತ ಅಜ್ಜಿಯ ಸೆರಗಿನ ಗಂಟಿನಲ್ಲಿ ಏನಿದೆ ಎಂಬುದು ಮಾತ್ರ ಅಲ್ಲಿ ನಿಂತು ನೋಡಿದವನಿಗೇ ಗೊತ್ತು.

ಪಿಯುಸಿ ಮುಗಿಸಿ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲೋ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲೋ ನಾಲ್ಕು ವರ್ಷದ ಪದವಿ ಓದಬಹುದು. ಬೇರೆ ಪದವಿ ಓದುತ್ತ ಕೈ ಪಳಗಿಸಿದವರೂ ಇದ್ದಾರೆ, ಲಕ್ಷ್ಮಣರೇ ಸಾಕ್ಷಿ. ಓದು ಯಾವುದೇ ಇರಲಿ, ಅಪ್ಪ ಅಮ್ಮ ಮಗನಿಗೋ ಮಗಳಿಗೋ ಒಂದು ನೋಟ್‌ಬುಕ್ಕು ತೆಗೆದುಕೊಟ್ಟು ರೂಢಿ ಮಾಡಿಸಬೇಕು. ಯಾರಿಗೆ ಯಾವ ಚಿತ್ರ, ಯಾವ ದಿನ ಕೊಟ್ಟದ್ದು, ಎಷ್ಟಕ್ಕೆ, ಯಾವ ಬಳಕೆಗೆ, ಹಣ ಬಂತೇ ಇಲ್ಲವೇ ಎಂಬುದೆಲ್ಲ ಅದರಲ್ಲಿ ಇರಬೇಕು. ಅಚ್ಚಿನ ಹಕ್ಕು ಕೊಟ್ಟ ಮಾತ್ರಕ್ಕೆ ಮೂಲ ಹಾಳೆ ಕೊಟ್ಟಂತಲ್ಲ. ಕೆಲಸ ಮುಗಿದೊಡನೆ ಅದನ್ನು ಕೇಳಿ ವಾಪಸು ಪಡೆದು, ಹಿಂಬದಿಯಲ್ಲಿ ಹೆಸರು, ತಾರೀಕು ಬರೆದು, ತೇವವೂ ಬೆಳ್ಳಿಹುಳುವೂ ತಾಕದಂತೆ ಪೆಟ್ಟಿಗೆಯಲ್ಲಿ ಇಡಬೇಕು.